ಕೌದಿ: ಮನೆಮಂದಿಯ ಬಟ್ಟೆ, ಪದರದ ಮೇಲೆ ಪದರ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಹಳ್ಳಿಮನೆಗಳಲ್ಲಿ ಉಟ್ಟು ಹಳತಾದ ಬಟ್ಟೆಯನ್ನು ಸುಮ್ಮನೆ ಎಸೆಯುವುದಿಲ್ಲ. ಅವ್ವನ ಇಳಕಲ್ ಸೀರೆ, ಅಜ್ಜನ ಧೋತರ, ಗುಳೇದಗುಡ್ಡ ಖಣದ ಕುಪ್ಪಸ, ಕೂಸಿನ ಅಂಗಿ, ಈಚೆಗೆ ಶಾಲೆಯ ಸಮವಸ್ತ್ರ, ಎಲ್ಲವೂ ಹಾಸಲು, ಹೊದೆಯಲು ಹೊಲಿಯುವ ಕೌದಿಗೆ ಸೇರುತ್ತವೆ.

ಸವೆದು ಮೆತ್ತಗಾದ ಸೀರೆ, ಧೋತರಗಳೇ ಒಳಪದರ, ಹತ್ತಿ ತುಂಬುವುದಿಲ್ಲ. ಅದರ ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಚಿ ಕೂಡಿಸುತ್ತಾರೆ. ಸಾದಾ ಹೊಲಿಗೆ ಹೊರ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಚೌಕಟ್ಟಿಲ್ಲ, ಬರೆದ ನಕ್ಷೆಯಿಲ್ಲ. ಯಾವ ಕೆಂಪಿನ ಪಕ್ಕ ಯಾವ ಹಸಿರು ಎಂಬುದನ್ನು ಹೊಲಿಯುವವಳ ಕಣ್ಣೇ ತೀರ್ಮಾನಿಸುತ್ತದೆ.

ಹತ್ತಿರ ನಿಂತು ನೋಡಿ. ದಾರ ಬಿಗಿಯಾದಲ್ಲಿ ಬಟ್ಟೆ ಸಣ್ಣ ಸಣ್ಣ ಏರಿಳಿತವಾಗಿ ನೆರಿಗೆಗಟ್ಟುತ್ತದೆ. ಅಂಗಿಯ ಕಿಸೆ ಬಿಚ್ಚಿದ ಜಾಗದಲ್ಲಿ ಮೂಲ ಬಣ್ಣ ಗಾಢವಾಗಿ ಉಳಿದಿರುತ್ತದೆ, ಸುತ್ತಲಿನದು ಬಿಸಿಲಿಗೆ ಮಾಸಿರುತ್ತದೆ.

ತುಂಡು ಕೂಡಿಸಿ ಚಿತ್ರ ಕಟ್ಟುವುದು ಚಿತ್ರಕಲೆಯಲ್ಲೂ ಇದೆ. 1912ರಲ್ಲಿ ಚಿತ್ರಕಾರ ಪಿಕಾಸೊ ಕ್ಯಾನ್ವಾಸಿನ ಮೇಲೆ ಎಣ್ಣೆಬಟ್ಟೆ ಅಂಟಿಸಿದ್ದನ್ನು ಕಲಾಚರಿತ್ರೆ ದಾಖಲಿಸಿದೆ. ಕೌದಿ ಹೊಲಿದ ಹೆಣ್ಣುಮಕ್ಕಳ ಹೆಸರು ಮಾತ್ರ ಬಹುಪಾಲು ದಾಖಲಾಗಿಲ್ಲ. ಕೌದಿಯೂ ಅಮೂರ್ತ ಕಲೆಯೇ, ಅನುಮಾನ ಬೇಡ.

ಕಲಘಟಗಿಯ ಕಾಡಂಚು, ಹಳಿಯಾಳ, ಯಲ್ಲಾಪುರದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಮೂಲೆಗಳಿಗೆ ಮಡಚಿದ ತ್ರಿಕೋನಗಳ ‘ಫೂಲ’ (ಹೂವು) ಕೂಡಿಸಿಯೇ ಕೌದಿ ಮುಗಿಸುತ್ತಾರೆ. ಅವರ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ.

ನವರಾತ್ರಿಗೆ ಮೊದಲು ಕೌದಿ ಸೇರಿ ಮನೆಯ ಹಾಸಿಗೆಯೆಲ್ಲ ಹಳ್ಳ, ಕೆರೆಗೆ ಹೋಗಿ ಒಗೆತ ಕಾಣುತ್ತದೆ. ಹರಿದಲ್ಲಿ ಹೊಸ ತುಂಡು ಬೀಳುತ್ತದೆ. ಹೀಗೆ ಅಜ್ಜಿಯ ಕೌದಿಗೆ ಮೊಮ್ಮಗಳ ಚೂಡಿದಾರವೂ ಸೇರುತ್ತದೆ.