ಪಾದ್ರಿಗಳಿಲ್ಲದ ಇನ್ನೂರು ವರ್ಷಗಳು



ನನ್ನ ತರಗತಿಯಲ್ಲಿ ಕುಳಿತು ಇತಿಹಾಸ ಕೇಳಿದವರಿಗೆ ಜಪಾನಿನ ಮೇಜಿ ಪುನಃಸ್ಥಾಪನೆಯ ಪಾಠ ನೆನಪಿರಬಹುದು. 1868ರಲ್ಲಿ ಹಳೆಯ ಸೇನಾಧಿಪತಿಗಳ ಆಡಳಿತ ಕೊನೆಗೊಂಡು ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರಕಾರ ಬಂದಿತು, ರೈಲು ಬಂದಿತು, ಶಾಲೆಗಳು ಬಂದವು ಎಂದು ನಾವೆಲ್ಲ ಓದಿದ್ದೇವೆ, ಓದಿಸಿದ್ದೇವೆ. ಅದೇ ಹೊಸ ಸರಕಾರ ಅದೇ ವರ್ಷ ನಾಗಸಾಕಿಯ ಬಳಿಯ ಉರಾಕಮಿ ಎಂಬ ಬಡ ರೈತರ ಹಳ್ಳಿಯನ್ನು ಬೇರುಸಹಿತ ಕೀಳಲು ಆರಂಭಿಸಿತೆಂಬುದು ಆ ಪಾಠದಲ್ಲಿರಲಿಲ್ಲ. ಅವರು ಮಾಡಿದ ಅಪರಾಧವೆಂದರೆ, ತಾವು ಕ್ರೈಸ್ತರೆಂದು ಬಾಯಿಬಿಟ್ಟು ಹೇಳಿದ್ದು.

ತಾಳಲಾರದ ಕಷ್ಟ ಎದುರಾದಾಗ ವಿಶ್ವಾಸವನ್ನು ಉಳಿಸಿಕೊಳ್ಳುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರದಲ್ಲಿ ಕೇಳಿದ್ದರು. ಉಪದೇಶ ಮಾಡುವುದು ನನ್ನ ವೃತ್ತಿಯಲ್ಲ. ಇತಿಹಾಸದ ಮೇಷ್ಟರಿಗೆ ತಿಳಿದಿರುವುದು ನಡೆದದ್ದನ್ನು ಹೇಳುವುದು ಮಾತ್ರ. ಆದುದರಿಂದ ಉರಾಕಮಿಯ ಕಥೆಯನ್ನು ಹೇಳುತ್ತೇನೆ.

ಕಥೆಯ ಮೊದಲ ಎಳೆ ನಮ್ಮ ನೆರೆಯ ಗೋವೆಯಲ್ಲಿದೆ. 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ಅವರಿಗೆ 1547ರಲ್ಲಿ ಮಲಾಕಾದಲ್ಲಿ ಅಂಜಿರೊ ಎಂಬ ಜಪಾನೀಯನ ಪರಿಚಯವಾಯಿತು. ಆತ ಗೋವೆಗೆ ಬಂದು ಅಲ್ಲಿಯ ಸಂತ ಪೌಲರ ಕಾಲೇಜಿನಲ್ಲಿ ಓದಿ, 1548ರಲ್ಲಿ ಜ್ಞಾನಸ್ನಾನ ಪಡೆದ. ಮರುವರ್ಷ ಆಗಸ್ಟ್ 15ರಂದು ಝೇವಿಯರ್ ಅವನೊಡನೆ ಜಪಾನಿನ ಕಾಗೊಶಿಮಾದಲ್ಲಿ ಇಳಿದರು. ಮುಂದಿನ ಐವತ್ತು-ಅರುವತ್ತು ವರ್ಷಗಳಲ್ಲಿ ಅಲ್ಲಿ ಸುಮಾರು 3 ಲಕ್ಷ ಮಂದಿ ಕ್ರೈಸ್ತರಾದರೆಂದು ಇತಿಹಾಸಕಾರರ ಅಂದಾಜು. ಕ್ಯುಶು ದ್ವೀಪದ ಕೆಲವು ಪಾಳೆಯಗಾರರೂ ಮತಾಂತರ ಹೊಂದಿದರು. ಅವರಲ್ಲಿ ಮೊದಲಿಗನಾದ ಒಮುರಾ ಸುಮಿತಾದಾ 1580ರಲ್ಲಿ ನಾಗಸಾಕಿ ಬಂದರನ್ನೇ ಯೇಸುಸಭೆಯ ಪಾದ್ರಿಗಳಿಗೆ ಒಪ್ಪಿಸಿದ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಒಮುರಾನ ಸೀಮೆಯಲ್ಲಿ ಬೌದ್ಧ ಮಂದಿರಗಳೂ ಶಿಂಟೊ ಗುಡಿಗಳೂ ನಾಶವಾದವು. ಪೋರ್ಚುಗೀಸ್ ವ್ಯಾಪಾರಿಗಳು ಜಪಾನೀಯರನ್ನು ಗುಲಾಮರನ್ನಾಗಿ ಕೊಂಡೊಯ್ಯುತ್ತಿದ್ದರು. ಅದೇ ಕಾಲದಲ್ಲಿ, ಅಂದರೆ 1560ರಿಂದ, ಗೋವೆಯಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ನಡೆಯುತ್ತಿತ್ತು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಪೋರ್ಚುಗೀಸರ ಆಳ್ವಿಕೆಯಿಂದ ತಪ್ಪಿಸಿಕೊಂಡು ಕೆನರಾ ಸೀಮೆಗೆ ಬಂದವು. ಪಾದ್ರಿಗಳ ಹಿಂದೆಯೇ ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳ ಸೈನ್ಯ ಬಂದೀತೆಂಬ ಜಪಾನೀ ಆಳರಸರ ಭಯ ಪೂರ್ತಿ ನಿರಾಧಾರವಾದುದಲ್ಲ. ಆ ಭಯದ ದಂಡವನ್ನು ತೆತ್ತವರು ಮಾತ್ರ ಬೇರೆ ಯಾರೋ.

1587ರಲ್ಲಿ ಹಿದೆಯೊಶಿ ಪಾದ್ರಿಗಳ ಗಡೀಪಾರಿಗೆ ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಕಿವಿ ಕತ್ತರಿಸಿಕೊಂಡು ಚಳಿಗಾಲದಲ್ಲಿ ಕ್ಯೋಟೊ ಕಡೆಯಿಂದ ಅಷ್ಟು ದೂರ ನಡೆದು ಬಂದವರಲ್ಲಿ ಲೂಯಿಸ್ ಇಬರಾಕಿ ಎಂಬ 12 ವರ್ಷದ ಹುಡುಗನೂ ಇದ್ದ. ಇನ್ನೊಬ್ಬರು ನಮ್ಮ ದೇಶದವರೇ: ಮುಂಬಯಿಯ ಸಮೀಪದ ವಸಾಯಿಯಲ್ಲಿ ಪೋರ್ಚುಗೀಸ್ ತಂದೆಗೂ ಭಾರತೀಯ ತಾಯಿಗೂ ಜನಿಸಿದ ಗೊನ್ಸಾಲೊ ಗಾರ್ಸಿಯಾ. ವ್ಯಾಪಾರಿಯಾಗಿದ್ದು ಅನಂತರ ಫ್ರಾನ್ಸಿಸ್ಕನ್ ಸಭೆಯ ಸಹೋದರರಾದವರು. 1862ರಲ್ಲಿ ಆ 26 ಮಂದಿಗೂ ಸಂತ ಪದವಿ ದೊರೆಯಿತು. ವಸಾಯಿಯಲ್ಲಿ ಇವರ ಹೆಸರಿನ ಕಾಲೇಜೊಂದಿದೆ. ಆ ಕಡೆ ನೌಕರಿಯಲ್ಲಿರುವ ನಮ್ಮ ಹುಡುಗರು ಅದನ್ನು ನೋಡಿರಬಹುದು.

1614ರಲ್ಲಿ ತೊಕುಗಾವ ಆಡಳಿತ ದೇಶಾದ್ಯಂತ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಅಲ್ಲಿಂದಾಚೆಗೆ ನಡೆದ ಚಿತ್ರಹಿಂಸೆಗಳನ್ನು ವಿವರಿಸುವ ಮನಸ್ಸಿಲ್ಲ. 1633ರಲ್ಲಿ, ಹೊಂಡದೊಳಗೆ ತಲೆಕೆಳಗಾಗಿ ತೂಗುಹಾಕುವ ಶಿಕ್ಷೆಯನ್ನು ತಾಳಲಾರದೆ ಯೇಸುಸಭೆಯ ಹಿರಿಯ ಪಾದ್ರಿ ಫೆರೇರಾ ಅವರೇ ಧರ್ಮ ತ್ಯಜಿಸಿದರೆಂದರೆ ಊಹಿಸಿಕೊಳ್ಳಬಹುದು. 1637-38ರಲ್ಲಿ ಕಂದಾಯದ ಹೊರೆ, ಕ್ಷಾಮ, ಧರ್ಮಪೀಡನೆ ಮೂರೂ ಸೇರಿ ಶಿಮಾಬರಾದಲ್ಲಿ ರೈತರ ದಂಗೆಯೆದ್ದಿತು. ಹಾರಾ ಕೋಟೆಯೊಳಗಿದ್ದ ಹತ್ತಾರು ಸಾವಿರ ಮಂದಿ, ಹೆಂಗಸರು ಮಕ್ಕಳೆನ್ನದೆ, ಹತರಾದರು. 1644ರಲ್ಲಿ, ದೇಶದಲ್ಲಿ ಉಳಿದಿದ್ದ ಕೊನೆಯ ಪಾದ್ರಿ ಕೊನಿಶಿ ಮಾನ್ಶೊ ಕೊಲ್ಲಲ್ಪಟ್ಟರು. ಅನಂತರ ಪಾದ್ರಿಯಿಲ್ಲ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಗ್ರಂಥವೂ ಇಲ್ಲ.

ಸರಕಾರದ ಜಾಲವೂ ಬಹಳ ಬಿಗಿಯಾದುದು. ಪ್ರತಿ ಕುಟುಂಬವೂ ಒಂದಲ್ಲ ಒಂದು ಬೌದ್ಧ ಮಂದಿರದ ದಫ್ತರದಲ್ಲಿ ಹೆಸರು ಬರೆಸಿಕೊಂಡಿರಬೇಕು. ಸತ್ತರೆ ಅಲ್ಲಿಯ ಭಿಕ್ಷುವೇ ಸಂಸ್ಕಾರ ಮಾಡಬೇಕು. ಐದು ಮನೆಗಳಿಗೆ ಒಂದು ಗುಂಪು, ಒಬ್ಬನ ತಪ್ಪಿಗೆ ಐದೂ ಮನೆಗಳ ಹೊಣೆ. ಕ್ರೈಸ್ತರನ್ನು ಹಿಡಿದುಕೊಟ್ಟವರಿಗೆ ಬೆಳ್ಳಿಯ ಬಹುಮಾನವೆಂದು ಊರ ಬಾಗಿಲಲ್ಲಿ ಹಲಗೆ. ಇವೆಲ್ಲಕ್ಕೂ ಮಿಗಿಲಾದದ್ದು ಫುಮಿಯೆ, ಎಂದರೆ ತುಳಿಯುವ ಚಿತ್ರ. ನಾಗಸಾಕಿ ಸೀಮೆಯಲ್ಲಿ ವರ್ಷಕ್ಕೊಮ್ಮೆ, ಹೊಸ ವರ್ಷದ ಆರಂಭದಲ್ಲಿ, ಯೇಸುವಿನ ಅಥವಾ ಮಾತೆ ಮರಿಯಳ ಬಿಂಬವನ್ನು ನೆಲದಲ್ಲಿಟ್ಟು ಎಲ್ಲರೂ ಅದರ ಮೇಲೆ ಕಾಲಿಟ್ಟು ದಾಟಬೇಕು. 19ನೆಯ ಶತಮಾನದ ಮಧ್ಯದವರೆಗೂ ಈ ಪದ್ಧತಿ ನಡೆಯಿತು.

ಉರಾಕಮಿಯವರು ಏನು ಮಾಡಿದರು? ತುಳಿದರು. ವರ್ಷ ವರ್ಷವೂ, ತಲೆಮಾರು ತಲೆಮಾರೂ ತುಳಿದರು. ಮನೆಗೆ ಬಂದು ಪಶ್ಚಾತ್ತಾಪದ ಜಪ ಹೇಳಿಕೊಂಡರು. ಪಾದ್ರಿ ಸಿಗದ ಕಡೆಯಲ್ಲಿ ಮನಃಪೂರ್ವಕ ಪಶ್ಚಾತ್ತಾಪವೊಂದೇ ಸಾಕು ಎಂದು ತಿಳಿಸುವ ಸಣ್ಣ ಪುಸ್ತಿಕೆಯೊಂದು, ನಿಷೇಧಕ್ಕೆ ಹತ್ತು ವರ್ಷ ಮೊದಲೇ, 1603ರಲ್ಲಿ ಸಿದ್ಧವಾಗಿತ್ತು. ಅದನ್ನು ಅವರು ಕೈಬರಹದಲ್ಲಿಯೂ ಬಾಯಿಪಾಠದಲ್ಲಿಯೂ ಉಳಿಸಿಕೊಂಡಿದ್ದರು. ಇದನ್ನು ಹೇಡಿತನವೆಂದು ಕರೆಯುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಹುತಾತ್ಮರಾದವರ ಧೈರ್ಯ ದೊಡ್ಡದು, ಸಂಶಯವಿಲ್ಲ. ಆದರೆ ಎಲ್ಲರೂ ಹುತಾತ್ಮರಾಗಿದ್ದರೆ 1865ರಲ್ಲಿ ಆ ಊರಿನಲ್ಲಿ ಒಬ್ಬ ಕ್ರೈಸ್ತನೂ ಉಳಿದಿರುತ್ತಿರಲಿಲ್ಲ.

ಉಳಿದದ್ದು ವೀರಾವೇಶದಿಂದಲ್ಲ, ವ್ಯವಸ್ಥೆಯಿಂದ. ಊರಿಗೊಬ್ಬ ಚೋಕಾತಾ, ಪಂಚಾಂಗದ ಲೆಕ್ಕವಿಡುವವನು. ಕ್ರಿಸ್ತಜಯಂತಿ ಯಾವಾಗ, ತಪಸ್ಸುಕಾಲ ಯಾವಾಗ ಎಂಬುದನ್ನು, ಬಾಸ್ತಿಯನ್ ಎಂಬ ಉಪದೇಶಿಯ ಹೆಸರಿನಲ್ಲಿ ಬಂದ 1634ರ ಪಂಚಾಂಗವನ್ನು ಆಧರಿಸಿ ಅವನು ಗುಣಿಸಿ ತಿಳಿಸಬೇಕು. ಎರಡನೆಯವನು ಮಿಝುಕಾತಾ, ನೀರಿನವನು. ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವುದು ಅವನ ಕೆಲಸ. ಪಾದ್ರಿಯಿಲ್ಲದೆಯೂ ಸಲ್ಲುವ ಸಂಸ್ಕಾರ ಅದಾದುದರಿಂದ ಅದನ್ನೇ ಬಿಗಿಯಾಗಿ ಹಿಡಿದುಕೊಂಡರು. ಮೂರನೆಯವನು ಕಿಕಿಯಾಕು, ಮನೆಮನೆಗೂ ಗುಟ್ಟಾಗಿ ಸುದ್ದಿ ಮುಟ್ಟಿಸುವವನು. ಲ್ಯಾಟಿನ್ ಮತ್ತು ಪೋರ್ಚುಗೀಸ್ ಪದಗಳು ತುಂಬಿದ ಒರಾಶೊ ಎಂಬ ಜಪಗಳನ್ನು ಅರ್ಥ ಮಸುಕಾದರೂ ಉಚ್ಚಾರ ಬಿಡದೆ ತಂದೆ ಮಗನಿಗೆ ಕಲಿಸಿದ. ವೇದಮಂತ್ರಗಳನ್ನು ಕಿವಿಯಿಂದ ಕಿವಿಗೆ ಉಳಿಸಿಕೊಂಡ ನಾಡಿನವರಾದ ನಮಗೆ ಇದು ನಂಬಲಾಗದ ಸಂಗತಿಯೇನಲ್ಲ. ಮಗುವನ್ನೆತ್ತಿಕೊಂಡ ಬೌದ್ಧ ದೇವತೆ ಕಾನ್ನೊನಳ ಬಿಂಬದಲ್ಲಿ ಅವರು ಮರಿಯಳನ್ನು ಕಂಡರು. ಏಳು ತಲೆಮಾರು ಕಳೆದ ಮೇಲೆ ದೊಡ್ಡ ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುವರೆಂಬ ಭವಿಷ್ಯವಾಣಿಯೂ ಬಾಸ್ತಿಯನ್‌ನ ಹೆಸರಿನಲ್ಲಿ ಪ್ರಚಲಿತವಿತ್ತು. ಉರಾಕಮಿಯ ಏಳನೆಯ ಚೋಕಾತಾ ಕಿಚಿಝೊ 1856ರ ಬಂಧನದಲ್ಲಿ ಸಿಕ್ಕಿ ಸೆರೆಮನೆಯಲ್ಲಿ ತೀರಿಕೊಂಡ. ಅವನ ಕಾಲಕ್ಕೆ ಹಡಗು ಬರಲಿಲ್ಲ.

ಬಂದದ್ದು ಅವನು ಸತ್ತ ಮೇಲೆ. ವಿದೇಶೀಯರಿಗೆಂದು ಫ್ರೆಂಚ್ ಪಾದ್ರಿಗಳು ನಾಗಸಾಕಿಯ ಓಉರಾದಲ್ಲಿ ಇಗರ್ಜಿ ಕಟ್ಟಿದರು. 26 ಹುತಾತ್ಮರಿಗೆ ಅದನ್ನು ಅರ್ಪಿಸಿದರು. 1865ರ ಮಾರ್ಚ್ 17ರಂದು ಉರಾಕಮಿಯ ಹದಿನೈದರಷ್ಟು ಮಂದಿ, ಕಟ್ಟಡ ನೋಡಲು ಬಂದವರಂತೆ ಒಳಗೆ ಬಂದರು. ಪಾದ್ರಿ ಪೆತಿಝಾನ್ ಜಪದಲ್ಲಿದ್ದಾಗ ಹೆಂಗಸೊಬ್ಬಳು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿ, ಮರಿಯಮ್ಮನ ಪ್ರತಿಮೆ ಎಲ್ಲಿದೆ ಎಂದು ವಿಚಾರಿಸಿದಳು. ಅದು ತಪಸ್ಸುಕಾಲವೆಂಬುದೂ ಅವರಿಗೆ ತಿಳಿದಿತ್ತು. ಇನ್ನೂರಿಪ್ಪತ್ತು ವರ್ಷಗಳ ಮೇಲೂ ಚೋಕಾತಾಗಳ ಲೆಕ್ಕ ತಪ್ಪಿರಲಿಲ್ಲ! ನಾನಾಗಿದ್ದರೆ ನೂರಕ್ಕೆ ನೂರು ಅಂಕ ಕೊಡುತ್ತಿದ್ದೆ.

ನಿಜವಾದ ಪರೀಕ್ಷೆ ಅನಂತರದ್ದು. 1867ರಲ್ಲಿ ಉರಾಕಮಿಯವರು ತಮ್ಮವರ ಶವಸಂಸ್ಕಾರಕ್ಕೆ ಬೌದ್ಧ ಭಿಕ್ಷುಗಳನ್ನು ಕರೆಯಲು ಒಪ್ಪಲಿಲ್ಲ. ಜುಲೈಯಲ್ಲಿ ಬಂಧನ, ಹೊಡೆತ. ಬಂಧಿತರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಿಂಸೆ ತಾಳಲಾರದೆ ಧರ್ಮ ಬಿಡುತ್ತೇವೆಂದು ಹೇಳಿ ಬಿಡುಗಡೆ ಹೊಂದಿದರು. ಬಿಡದೆ ನಿಂತವನು ತಕಾಗಿ ಸೆನೆಮೊನ್ ಎಂಬ ಒಬ್ಬ ರೈತ. ಆದರೆ ಮನೆ ಸೇರಿದ ಮೇಲೆ ಉಳಿದವರೂ ತಮ್ಮ ಮಾತನ್ನು ಹಿಂತೆಗೆದುಕೊಳ್ಳುತ್ತೇವೆಂದು ಅಧಿಕಾರಿಗಳಿಗೆ ತಿಳಿಸಿದರು. ಮುರಿದದ್ದನ್ನು ಮತ್ತೆ ಜೋಡಿಸಿಕೊಂಡು, ಎರಡನೆಯ ಬಾರಿ ಶಿಕ್ಷೆ ಖಚಿತವೆಂದು ತಿಳಿದೂ ಎದ್ದು ನಿಂತ ಇವರ ಹೆಸರುಗಳು ಸೆನೆಮೊನ್‌ನ ಹೆಸರಿನಷ್ಟು ಪ್ರಸಿದ್ಧವಾಗಲಿಲ್ಲ.

1868ರಿಂದ 1870ರೊಳಗೆ ಸುಮಾರು 3,400 ಮಂದಿಯನ್ನು, ಇಡೀ ಹಳ್ಳಿಯನ್ನೇ, ಪಶ್ಚಿಮ ಜಪಾನಿನ ಇಪ್ಪತ್ತರಷ್ಟು ಸೀಮೆಗಳಿಗೆ ಹಂಚಿ ಗಡೀಪಾರು ಮಾಡಿದರು. ತ್ಸುವಾನೊ ಎಂಬಲ್ಲಿ ಹಿಮ ಬೀಳುವ ಕಾಲದಲ್ಲಿ ಹೆಪ್ಪುಗಟ್ಟಿದ ಕೊಳಕ್ಕೆ ಇಳಿಸಿದರು. ಮೈ ಚಾಚಲಾಗದ ಮೂರಡಿಯ ಗೂಡುಗಳಲ್ಲಿ ಕೂಡಿಹಾಕಿದರು. ಅಂಥ ಗೂಡಿನಲ್ಲೇ ಯಾಸುತಾರೊ ಎಂಬ ಯುವಕ ಸತ್ತ. ಒಟ್ಟು 600ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನೂರಾರು ಮಂದಿ ಸೋತು ಧರ್ಮ ಬಿಟ್ಟರು. ಯುರೋಪು-ಅಮೆರಿಕಗಳಲ್ಲಿ ಪ್ರವಾಸ ಮಾಡುತ್ತಿದ್ದ ಇವಾಕುರಾ ನಿಯೋಗಕ್ಕೆ ಹೋದಲ್ಲೆಲ್ಲ ಈ ವಿಷಯವಾಗಿ ಆಕ್ಷೇಪಣೆ ಎದುರಾಗಿ, ಕಡೆಗೆ 1873ರ ಫೆಬ್ರವರಿ 24ರಂದು ನಿಷೇಧದ ಹಲಗೆಗಳನ್ನು ಇಳಿಸಲಾಯಿತು. ಬದುಕಿ ಮರಳಿದವರು ಆ ಐದು ವರ್ಷಗಳನ್ನು ‘ತಾಬಿ’ ಎಂದು ಕರೆದರು. ಆ ಪದಕ್ಕೆ ಪ್ರಯಾಣ ಎಂದಷ್ಟೇ ಅರ್ಥ.

ಮರಳಿದಾಗ ಮನೆಗಳು ಪಾಳುಬಿದ್ದಿದ್ದವು. ಮರುವರ್ಷವೇ ರಕ್ತಭೇದಿ ಹಬ್ಬಿತು. ಗಡೀಪಾರಿನಿಂದ ಮರಳಿದ್ದ ಇವನಾಗ ಮಾಕಿ ಎಂಬ ಯುವತಿ, ಇನ್ನೂ ಕೆಲವು ಹುಡುಗಿಯರೊಡನೆ, ಫ್ರೆಂಚ್ ಪಾದ್ರಿ ದ ರೋ ಅವರ ಜೊತೆಗೂಡಿ ರೋಗಿಗಳ ಶುಶ್ರೂಷೆಗೆ ನಿಂತಳು. ಅನಾಥ ಮಕ್ಕಳನ್ನು ಸಾಕಿದಳು. 1880ರಲ್ಲಿ ಊರವರು ಹಳೆಯ ಗ್ರಾಮಾಧಿಕಾರಿಯ ಮನೆಯನ್ನು ಕೊಂಡರು. ಪ್ರತಿವರ್ಷ ಅವರ ಹಿರಿಯರನ್ನು ಕರೆಸಿ ಬಿಂಬ ತುಳಿಸುತ್ತಿದ್ದುದು ಆ ಮನೆಯಲ್ಲಿಯೇ. ಅಲ್ಲಿಯೇ ದೇವಾಲಯ ಕಟ್ಟಲು ನಿಶ್ಚಯಿಸಿದರು. 1895ರಲ್ಲಿ ಆರಂಭಿಸಿದ ಕೆಲಸ 1914ರವರೆಗೆ ನಡೆಯಿತು, ಗಂಟೆಗೋಪುರಗಳು ಮುಗಿದದ್ದು 1925ರಲ್ಲಿ. ಇತ್ತ ಇಕಿತ್ಸುಕಿ ಮುಂತಾದ ದ್ವೀಪಗಳಲ್ಲಿ ಕೆಲವರು ಧರ್ಮಸಭೆಗೆ ಮರಳಲೇ ಇಲ್ಲ. ಹಿರಿಯರು ಗುಟ್ಟಾಗಿ ಕಲಿಸಿಕೊಟ್ಟ ರೀತಿಯೇ ತಮ್ಮ ಧರ್ಮವೆಂದು ಹಿಡಿದು ನಿಂತರು. ಅವರದೂ ನಿಷ್ಠೆಯೇ. ಅವರ ಸಂತತಿಯಲ್ಲಿ ಈಗ ಒರಾಶೊ ಬಲ್ಲವರು ಬಹಳ ಕಡಿಮೆ. 2018ರಲ್ಲಿ ಯುನೆಸ್ಕೊ ಈ ಗುಪ್ತ ಕ್ರೈಸ್ತರ ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಸುಖಾಂತ್ಯದ ಕಥೆ. 1945ರ ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ನಾಗಸಾಕಿಯ ಅಣುಬಾಂಬು ಸಿಡಿದದ್ದು ಉರಾಕಮಿಯ ಮೇಲೆ, ದೇವಾಲಯದಿಂದ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ. ಆಗಸ್ಟ್ 15ರ ಹಬ್ಬದ ಸಿದ್ಧತೆಗಾಗಿ ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಪಾದ್ರಿಗಳಿಬ್ಬರೂ ಅಲ್ಲಿದ್ದ ಭಕ್ತರೂ ಉಳಿಯಲಿಲ್ಲ. ಆ ಧರ್ಮಕೇಂದ್ರದ ಸುಮಾರು 12,000 ಮಂದಿಯಲ್ಲಿ 8,500ರಷ್ಟು ಮಂದಿ ಮಡಿದರು. ಬೇರೆ ದೇವರನ್ನು ಪೂಜಿಸಿದ್ದಕ್ಕೆ ಇದು ಶಿಕ್ಷೆಯೆಂದು ನಗರದ ಕೆಲವರು ಆಡಿಕೊಂಡರು.

ಕ್ಷಕಿರಣ ವೈದ್ಯರಾದ ನಾಗಾಯ್ ತಕಾಶಿ ಅವರಿಗೆ ಆ ಜೂನಿನಲ್ಲಷ್ಟೇ ರಕ್ತದ ಕ್ಯಾನ್ಸರ್ ಇರುವುದು ತಿಳಿದಿತ್ತು. ಅವರ ಪತ್ನಿ ಮಿದೊರಿ ಉರಾಕಮಿಯ ಚೋಕಾತಾಗಳ ವಂಶದವರು. ಸುಟ್ಟ ಮನೆಯಲ್ಲಿ ಪತಿಗೆ ದೊರೆತದ್ದು ಆಕೆಯ ಮೂಳೆಗಳು ಮತ್ತು ಜಪಮಾಲೆ. ಆ ವರ್ಷ ನವೆಂಬರ್ 23ರಂದು, ಮಡಿದವರಿಗಾಗಿ ಅವಶೇಷಗಳ ನಡುವೆ ನಡೆದ ಬಲಿಪೂಜೆಯಲ್ಲಿ ಮಾತನಾಡಿದ ನಾಗಾಯ್, ಯುದ್ಧದ ಪಾಪಕ್ಕೆ ಉರಾಕಮಿಯು ದೇವರು ಆರಿಸಿಕೊಂಡ ಹೋಮಬಲಿ ಎಂದು ಹೇಳಿದರು. ಈ ಮಾತು ಅನೇಕರಿಗೆ ಸಾಂತ್ವನ ನೀಡಿತು, ಅನೇಕರನ್ನು ಕೆರಳಿಸಿತು. ಬಾಂಬು ಹಾಕಿದವರ ಮತ್ತು ಯುದ್ಧ ಹೂಡಿದವರ ಹೊಣೆಯನ್ನು ದೇವರ ತಲೆಗೆ ಕಟ್ಟಿದಂತಾಯಿತೆಂದು ಅನಂತರದ ಜಪಾನೀ ವಿಮರ್ಶಕರು ಆಕ್ಷೇಪಿಸಿದರು. ಆಕ್ಷೇಪಣೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. 1981ರ ಫೆಬ್ರವರಿಯಲ್ಲಿ ಜಪಾನಿಗೆ ಬಂದ ಪೋಪ್ ಎರಡನೆಯ ಜಾನ್ ಪಾಲ್ ಅವರು ಹಿರೋಶಿಮಾದಲ್ಲಿ, ಯುದ್ಧ ಮನುಷ್ಯನ ಕೃತ್ಯವೆಂದು ಸ್ಪಷ್ಟವಾಗಿ ಹೇಳಿದ ಮೇಲೆ, ಅದುವರೆಗೆ ಸುಮ್ಮನಿದ್ದ ಉರಾಕಮಿಯ ಎಷ್ಟೋ ಮಂದಿ ತಾವು ಕಂಡದ್ದನ್ನು ಹೇಳತೊಡಗಿದರು. ಆದರೂ ಹೆಂಡತಿಯ ಮೂಳೆಗಳನ್ನು ಕೈಯಾರೆ ಆಯ್ದುಕೊಂಡ ಮನುಷ್ಯ, ನೆರೆಹೊರೆಯವರು ಇದನ್ನು ಶಿಕ್ಷೆಯೆನ್ನುತ್ತಿರುವಾಗ, ಶಿಕ್ಷೆಯಲ್ಲ ಎಂದು ಹೇಳಲು ತನಗೆ ಗೊತ್ತಿದ್ದ ಒಂದೇ ಭಾಷೆಯನ್ನು ಬಳಸಿದರು ಎಂಬುದನ್ನೂ ಗಮನಿಸಬೇಕು. ಎರಡು ಚಾಪೆಯಗಲದ ಗುಡಿಸಲಿನಲ್ಲಿ ಮಲಗಿಕೊಂಡೇ ಬರೆಯುತ್ತ, ಇಬ್ಬರು ಮಕ್ಕಳನ್ನು ಸಾಕುತ್ತ, ಅವರು 1951ರ ಮೇ 1ರಂದು ತೀರಿಕೊಂಡರು.

ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಇನ್ನೊಂದನ್ನು ಅವಶೇಷಗಳ ಕೆಳಗಿನಿಂದ ಅಗೆದು ತೆಗೆದು, ಅದೇ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಮರದ ಕಂಬಗಳಿಗೆ ತೂಗುಹಾಕಿ ಬಾರಿಸಿದರು. ದೇವಾಲಯ 1959ರಲ್ಲಿ ಮತ್ತೆ ಎದ್ದಿತು; ಒಂದು ಗೋಪುರ ಮಾತ್ರ ಗಂಟೆಯಿಲ್ಲದೆ ಉಳಿಯಿತು. ಬಾಂಬು ತಯಾರಿಸಿದ ಯೋಜನೆಯಲ್ಲಿ ವೈದ್ಯರಾಗಿದ್ದವರೊಬ್ಬರ ಮೊಮ್ಮಗ, ಅಮೆರಿಕದ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ತಮ್ಮ ದೇಶದ ಕಥೋಲಿಕರಿಂದ ಹಣ ಕೂಡಿಸಿ ಎರಡನೆಯ ಗಂಟೆಯನ್ನು ಮಾಡಿಸಿಕೊಟ್ಟರು. 2025ರ ಆಗಸ್ಟ್ 9ರಂದು, 11 ಗಂಟೆ 2 ನಿಮಿಷಕ್ಕೆ, ಎರಡನ್ನೂ ಒಟ್ಟಿಗೆ ಬಾರಿಸಲಾಯಿತು.