ಗುಟ್ಟು ಕೇಳಿದವರ ಹೊಣೆ

ಸಾಂಕ್ರಾಮಿಕ ರೋಗ ಹರಡಿದಾಗ ಆಳುವವರು ಕೇಳುವ ಪ್ರಶ್ನೆಗಳು ಎಲ್ಲ ಕಾಲದಲ್ಲಿಯೂ ಒಂದೇ. ರೋಗಿ ಯಾರು? ಎಲ್ಲೆಲ್ಲಿಗೆ ಹೋಗಿದ್ದ? ಯಾರ ಸಂಪರ್ಕಕ್ಕೆ ಬಂದಿದ್ದ? ಈ ಪ್ರಶ್ನೆಗಳು ನ್ಯಾಯವಾದವೇ. ಉತ್ತರ ದೊರೆಯದೆ ರೋಗವನ್ನು ತಡೆಯುವುದು ಕಷ್ಟ. ಆದರೆ ಉತ್ತರವನ್ನು ಪಡೆದ ಬಗೆ ಮತ್ತು ಪಡೆದುದನ್ನು ಕಾಪಾಡಿದ ಬಗೆ, ಇವೆರಡರ ಮೇಲೆಯೇ ಜನರ ವಿಶ್ವಾಸ ನಿಂತಿರುತ್ತದೆ.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದಿತು. ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಒಳಮನೆಗಳನ್ನೂ ಬಿಡಲಿಲ್ಲ. ಅದರ ಫಲವಾಗಿ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಪ್ಲೇಗ್ ಅಧಿಕಾರಿ ರ್‍ಯಾಂಡ್ ಅದೇ ವರ್ಷದ ಜೂನ್ 22ರಂದು ಗುಂಡೇಟಿಗೆ ಗುರಿಯಾದ. ಬಲವಂತದಿಂದ ಬಾಗಿಲು ತೆರೆಯಬಹುದು, ಬಾಯಿ ತೆರೆಸಲಾಗದು ಎಂಬುದು ಆಗಲೇ ಸಿದ್ಧವಾದ ಮಾತು.

ಆ ಕಾಯ್ದೆಯ ಆಯುಷ್ಯ ದೀರ್ಘವಾದುದು. ಕೊರೊನಾ ಬಂದಾಗ ಕರ್ನಾಟಕ ಸರ್ಕಾರ 2020ರ ಮಾರ್ಚ್ 11ರಂದು ಅದರ ಅಡಿಯಲ್ಲಿಯೇ ನಿಯಮಗಳನ್ನು ಹೊರಡಿಸಿತು. ಅದೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಗೃಹಬಂಧನದಲ್ಲಿ ನಿಗಾಕ್ಕೆ ಒಳಗಾದವರ ವಿಳಾಸಗಳ ಪಟ್ಟಿ ಪ್ರಕಟವಾಯಿತು. ಅಂಥವರ ಕೈಗೆ ಮುದ್ರೆ ಒತ್ತಲಾಯಿತು. ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲ್ ಮೂಲಕ ಕಳುಹಿಸಬೇಕೆಂದೂ ಆದೇಶವಾಯಿತು.

ರೋಗಿಯ ಗುರುತು ಹೊರಬಿದ್ದರೆ ಏನಾಗುವುದೆಂಬ ಅಂಜಿಕೆ ಆಧಾರವಿಲ್ಲದ್ದಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಮೃತಪಟ್ಟ ಮಹಿಳೆಯೊಬ್ಬರ ಅಂತ್ಯಸಂಸ್ಕಾರಕ್ಕೆ ಮಂಗಳೂರಿನ ಪಚ್ಚನಾಡಿಯಲ್ಲಿ ವಿರೋಧ ಎದ್ದಿತು. ಕೊನೆಗೆ ಬಂಟ್ವಾಳದಲ್ಲಿ ಸಂಸ್ಕಾರ ನಡೆಯಿತು. ಸತ್ತವರಿಗೇ ಸ್ಥಳ ಸಿಗದಿದ್ದ ಊರಿನಲ್ಲಿ ಬದುಕಿರುವ ರೋಗಿ ತನ್ನ ಹೆಸರು ಹೇಳಲು ಹಿಂಜರಿದರೆ ಆಶ್ಚರ್ಯವೇನು?

ಇಂಥ ವಾತಾವರಣದಲ್ಲಿಯೇ ‘ಆರೋಗ್ಯ ಸೇತು’ ಎಂಬ ಆ್ಯಪ್ ಬಂದಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಈ ಆ್ಯಪ್ 2020ರ ಏಪ್ರಿಲ್ 2ರಂದು ಬಿಡುಗಡೆಯಾಯಿತು. ಕೊಟ್ಟಾರದ ದಿನಸಿ ಅಂಗಡಿಯೊಂದರ ಮುಂದೆ ಇಬ್ಬರು ಅಪರಿಚಿತರು ಸರತಿಯಲ್ಲಿ ನಿಂತರೆನ್ನಿ. ಇಬ್ಬರ ಮೊಬೈಲ್‌ಗಳೂ ಬ್ಲೂಟೂತ್ ಮೂಲಕ ಪರಸ್ಪರ ಗುರುತನ್ನು ದಾಖಲಿಸಿಕೊಳ್ಳುತ್ತಿದ್ದವು. ಮುಂದೆ ಅವರಲ್ಲಿ ಒಬ್ಬನಿಗೆ ಸೋಂಕು ದೃಢಪಟ್ಟರೆ ಇನ್ನೊಬ್ಬನಿಗೆ ಎಚ್ಚರಿಕೆ ತಲುಪುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಹೆಸರು, ದೂರವಾಣಿ ಸಂಖ್ಯೆ, ವಯಸ್ಸು, ಉದ್ಯೋಗಗಳ ಜೊತೆಗೆ ಮನುಷ್ಯನ ಓಡಾಟದ ವಿವರವನ್ನೂ ಅದು ಸಂಗ್ರಹಿಸುತ್ತಿತ್ತು. ಮೇ 1ರಂದು ಕೇಂದ್ರ ಗೃಹ ಸಚಿವಾಲಯ ಎಲ್ಲ ಉದ್ಯೋಗಿಗಳಿಗೂ ಇದನ್ನು ಕಡ್ಡಾಯಗೊಳಿಸಿತು; ಟೀಕೆಗಳು ಬಂದ ಬಳಿಕ ಮೇ 17ರಂದು ಆ ಬಿಗಿಯನ್ನು ಸಡಿಲಿಸಿತು. ಮಾಹಿತಿಯ ಬಳಕೆಗೆ ನಿಯಮಾವಳಿ ಹೊರಬಂದದ್ದು ಮೇ 11ರಂದು. ಎಂದರೆ, ಕಡ್ಡಾಯ ಮೊದಲು, ಕಟ್ಟುಪಾಡು ಆಮೇಲೆ.

ಈ ವಿಷಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದೇ ಒಮ್ಮತದಿಂದ ತೀರ್ಪಿತ್ತಿತ್ತು. ಆ ಮೊಕದ್ದಮೆಯನ್ನು ಹೂಡಿದ್ದವರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಈಗ ಬೆಂಗಳೂರಿನ ಅನಿವರ್ ಅರವಿಂದ್ ಅವರ ಅರ್ಜಿಯ ಮೇಲೆ 2020ರ ಅಕ್ಟೋಬರ್ 19ರಂದು ಹೈಕೋರ್ಟು ಮಧ್ಯಂತರ ಆದೇಶ ನೀಡಿತು: ಕಾನೂನಿನ ಆಧಾರವಿಲ್ಲದೆ, ಆ್ಯಪ್ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಸರ್ಕಾರಿ ಸೇವೆಯನ್ನು ನಿರಾಕರಿಸುವಂತಿಲ್ಲ. 2021ರ ಜನವರಿ 25ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ, ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಅವರ ಆರೋಗ್ಯ ಮಾಹಿತಿಯನ್ನು ಇತರ ಇಲಾಖೆಗಳೊಡನೆ ಹಂಚಿಕೊಳ್ಳದಂತೆ ತಡೆಯಿತು. ರೋಗ ತಡೆಯುವ ಕೆಲಸವನ್ನು ನ್ಯಾಯಾಲಯ ನಿಲ್ಲಿಸಲಿಲ್ಲ. ಒಪ್ಪಿಗೆಯ ಗಡಿಯನ್ನು ಮಾತ್ರ ಗುರುತಿಸಿತು.

ಆ ಗಡಿ ದಾಟಿದರೆ ಆಗುವ ಹಾನಿಗೆ ಸಿಂಗಪುರ ಸಾಕ್ಷಿ. ಅಲ್ಲಿ 2020ರ ಮಾರ್ಚ್‌ನಲ್ಲಿ ಬಂದ ‘ಟ್ರೇಸ್ ಟುಗೆದರ್’ ಮಾಹಿತಿಯನ್ನು ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಬಳಸುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದೆಂದು ಸಂಸತ್ತಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಜನರ ಅಸಮಾಧಾನವನ್ನು ಕಂಡು ಮರುತಿಂಗಳೇ ಕಾನೂನು ತಂದು ಅಂಥ ಬಳಕೆಯನ್ನು ಏಳು ಬಗೆಯ ಘೋರ ಅಪರಾಧಗಳಿಗೆ ಸೀಮಿತಗೊಳಿಸಲಾಯಿತು. ನಮ್ಮಲ್ಲಿ ಆರೋಗ್ಯ ಸೇತುವಿನ ಸಂಪರ್ಕ ಪತ್ತೆಯ ಭಾಗವನ್ನು ನಿಲ್ಲಿಸಿ, ಸಂಗ್ರಹಿಸಿದ್ದ ಸಂಪರ್ಕ ಮಾಹಿತಿಯನ್ನು ಅಳಿಸಲಾಗಿದೆ ಎಂದು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಸಂಸತ್ತಿಗೆ ತಿಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣೆಯ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು.

ಕಾಯ್ದೆ ಹೊಸದು, ಅದರ ಹಿಂದಿನ ಧರ್ಮ ಹಳೆಯದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಗುಟ್ಟನ್ನು ಹೊರಗೆಡಹುವುದು ಮೊದಲನೆಯದು, ನಂಬಿ ಇಟ್ಟ ಒಡವೆಯನ್ನು ಅಪಹರಿಸುವುದು ಎರಡನೆಯದು. ಇವೆರಡನ್ನೂ ಸತ್ಯಕ್ಕೆ ತಗಲುವ ದೋಷಗಳೆಂದು ಎಣಿಸಿರುವುದು ಗಮನಾರ್ಹ. ರೋಗಿ ನೀಡುವ ಮಾಹಿತಿಯೂ ನ್ಯಾಸವೇ. ಯಾವ ಕಾರ್ಯಕ್ಕೆ ಕೊಟ್ಟನೋ ಅದಕ್ಕೆ ಮಾತ್ರ ಅದರ ಬಳಕೆ. ಕಾರ್ಯ ಮುಗಿದ ಮೇಲೆ ಅದರ ವಿಸರ್ಜನೆ. ಸರ್ಕಾರಕ್ಕೆ ಹೇಗೋ ಹಾಗೆಯೇ, ಕುಟುಂಬಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನಿಟ್ಟುಕೊಂಡಿರುವ ಬಸದಿಯ ಆಡಳಿತ ಮಂಡಳಿಗೂ ಈ ಹೊಣೆ ಉಂಟು. ಮುಂದೊಂದು ರೋಗ ಬಂದಾಗ ಜನರು ಸತ್ಯ ನುಡಿಯಬೇಕಾದರೆ, ಹಿಂದೆ ನುಡಿದ ಸತ್ಯ ಕ್ಷೇಮವಾಗಿ ಉಳಿದಿರಬೇಕು.