ಬಾಗಿಲು ತೆರೆಯುವಷ್ಟು ಹೊತ್ತು

ಹಾಸ್ಟೆಲ್ಲಿನಲ್ಲಿ ನಮ್ಮ ಇಡೀ ವಿಂಗಿಗೆ ಇದ್ದದ್ದು ಒಂದೇ ಕಂಪ್ಯೂಟರು. ಕೀಬೋರ್ಡು ಒಬ್ಬನ ಕೈಯಲ್ಲಿ, ಹಿಂದೆ ಮಂಚದ ಮೇಲೆ ಐದಾರು ಜನ. ‘ರೆಸಿಡೆಂಟ್ ಈವಿಲ್ 2’ ಆಡುತ್ತಿದ್ದವನು ಯಾವುದಾದರೂ ಬಾಗಿಲ ಮುಂದೆ ನಿಂತು ಕೀ ಒತ್ತಿದನೆಂದರೆ ಪರದೆ ಪೂರ್ತಿ ಕಪ್ಪಾಗುತ್ತಿತ್ತು. ಆ ಕತ್ತಲಲ್ಲಿ ಬಾಗಿಲೊಂದೇ ಕಿರ್ರೆಂದು ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಆ ಕೆಲವು ಸೆಕೆಂಡು ಯಾರೂ ಉಸಿರೆತ್ತುತ್ತಿರಲಿಲ್ಲ. ಆಮೇಲೆ ಮಂಚದಿಂದ ಒಬ್ಬನ ಕೂಗು: ‘ಲೇ, ಗುಂಡು ಎಷ್ಟಿದೆ ನೋಡ್ಕೊಳ್ಳೋ ಮೊದ್ಲು!’

ಆ ಬಾಗಿಲು ಯಾಕಿತ್ತು ಅನ್ನುವುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈ ಆಟ ಹುಟ್ಟಿದ್ದು ಪ್ಲೇಸ್ಟೇಷನ್‌ಗಾಗಿ. ಆ ಯಂತ್ರದ ಮುಖ್ಯ ಮೆಮೊರಿ ಬರೀ 2 ಎಂ.ಬಿ. ಮುಂದಿನ ಕೋಣೆಯನ್ನು ಸಿ.ಡಿ.ಯಿಂದ ಓದಿಕೊಳ್ಳುವ ತನಕ ಆಟಗಾರನ ಕಣ್ಣಿಗೆ ಏನನ್ನಾದರೂ ತೋರಿಸುತ್ತಿರಬೇಕಲ್ಲ, ಅದಕ್ಕೇ ಬಾಗಿಲು. ನಾವು ಹೆದರಿ ಕೂತಿದ್ದು ಲೋಡಿಂಗ್ ಸ್ಕ್ರೀನಿಗೆ!

ಒಂದು ಬಾಗಿಲು ಮಾತ್ರವಲ್ಲ, ಆ ಆಟದಲ್ಲಿ ಹೆದರಿಸುತ್ತಿದ್ದದ್ದು ಬಹುಪಾಲು ಯಂತ್ರದ ಬಡತನವೇ. ಮೊದಲ ಆಟ ಜಪಾನಿನಲ್ಲಿ ‘ಬಯೋಹಜಾರ್ಡ್’ ಎಂಬ ಹೆಸರಿನಲ್ಲಿ ಬಂದದ್ದು 1996ರ ಮಾರ್ಚ್ 22ರಂದು. ಕಂಪನಿ ಒಸಾಕಾದ ಕ್ಯಾಪ್‌ಕಾಮ್, ನಿರ್ದೇಶಕ ಶಿಂಜಿ ಮಿಕಾಮಿ. ಇಡೀ ಬಂಗಲೆಯನ್ನು ಮೂರು ಆಯಾಮದಲ್ಲಿ ಆಟದ ಹೊತ್ತಿಗೇ ಚಿತ್ರಿಸುವುದು ಆ ಯಂತ್ರದಿಂದ ಆಗದ ಮಾತು. ಹಾಗಾಗಿ ಪ್ರತಿಯೊಂದು ಕೋಣೆಯನ್ನೂ ಮೊದಲೇ ಕಂಪ್ಯೂಟರಿನಲ್ಲಿ ರೆಂಡರ್ ಮಾಡಿ, ನಿಶ್ಚಲ ಚಿತ್ರವಾಗಿ ಸಿ.ಡಿ.ಗೆ ತುಂಬಿದರು. ಅದರ ಮೇಲೆ ಪಾತ್ರಗಳಷ್ಟೇ ಓಡಾಡಬೇಕು. ಚಿತ್ರ ನಿಶ್ಚಲವಾದ್ದರಿಂದ ಕ್ಯಾಮೆರಾವೂ ಅಲುಗುವಂತಿಲ್ಲ. ಮೂಲೆಯಾಚೆ ಏನೋ ನರಳುವುದು ಕೇಳಿಸುತ್ತದೆ, ಕಾಣಿಸುವುದಿಲ್ಲ. ಈ ಬಗೆಯ ಕ್ಯಾಮೆರಾ 1992ರ ‘ಅಲೋನ್ ಇನ್ ದಿ ಡಾರ್ಕ್’ನಲ್ಲೇ ಇತ್ತು, ಆದರೆ ಅದರಿಂದ ಭಯ ಹಿಂಡಿದ್ದು ಮಿಕಾಮಿಯ ತಂಡ. ತಮಾಷೆಯೆಂದರೆ, ಆ ಆಟದ ಆರಂಭದ ದೃಶ್ಯವನ್ನು ನಿಜವಾದ ನಟರನ್ನು ಇಟ್ಟುಕೊಂಡು ಅಗ್ಗದಲ್ಲಿ ಚಿತ್ರೀಕರಿಸಿದ್ದರು. ಹನ್ನೆರಡು ವರ್ಷಗಳ ನಂತರ ಅದೇ ಕತೆಯ ಸಿನಿಮಾದಲ್ಲಿ ನಟರ ಮುಖವೇ ಇರಲಿಲ್ಲ, ಎಲ್ಲವೂ ಕಂಪ್ಯೂಟರಿನದು.

ಆ ಸಿನಿಮಾದವರೆಗೆ ಬಂದ ದಾರಿ ನೇರವಾದದ್ದಲ್ಲ. ಜೊಂಬಿ ಸಿನಿಮಾಗಳ ಪಿತಾಮಹ ಜಾರ್ಜ್ ರೊಮೆರೊ ಎರಡನೇ ಆಟಕ್ಕೆ ಜಪಾನಿನ ಟಿ.ವಿ. ಜಾಹೀರಾತು ಮಾಡಿಕೊಟ್ಟಿದ್ದರು, ಸಿನಿಮಾಕ್ಕೆ ಚಿತ್ರಕತೆಯನ್ನೂ ಬರೆದರು. ಅದು ಒಪ್ಪಿಗೆಯಾಗಲಿಲ್ಲ. 2002ರಲ್ಲಿ ಪಾಲ್ ಆ್ಯಂಡರ್ಸನ್ ನಿರ್ದೇಶನದ ಸಿನಿಮಾ ಬಂತು, ದುಡ್ಡೂ ಮಾಡಿತು. ಆದರೆ ಅದರ ನಾಯಕಿ ಆ್ಯಲಿಸ್ ಆಟದಲ್ಲಿ ಇಲ್ಲವೇ ಇಲ್ಲ. ನಮ್ಮಂಥವರು ರಾತ್ರಿಯೆಲ್ಲ ಕೂತು ಬದುಕಿಸಿದ ಲಿಯಾನ್, ಕ್ಲೇರ್ ಎಲ್ಲಿ?

ಅವರನ್ನು ಆಟದಲ್ಲಿ ಇದ್ದ ಹಾಗೇ ತೋರಿಸಬೇಕೆಂದರೆ ಕಂಪ್ಯೂಟರ್ ಆ್ಯನಿಮೇಶನ್ ಸಹಜವಾದ ದಾರಿ. ಆದರೆ ಆ ದಾರಿಯಲ್ಲಿ ಆಗಲೇ ಒಂದು ಹೆಣ ಬಿದ್ದಿತ್ತು. ಸ್ಕ್ವೇರ್ ಕಂಪನಿ ತನ್ನ ‘ಫೈನಲ್ ಫ್ಯಾಂಟಸಿ’ ಆಟದ ಹೆಸರಿನಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಸ್ಟುಡಿಯೊ ಕಟ್ಟಿ 2001ರಲ್ಲಿ ‘ದಿ ಸ್ಪಿರಿಟ್ಸ್ ವಿದಿನ್’ ತೆಗೆದಿತ್ತು. ನಾಯಕಿಯ ತಲೆಯಲ್ಲಿ ಸುಮಾರು 60,000 ಕೂದಲು, ಒಂದೊಂದೂ ಲೆಕ್ಕಕ್ಕೆ ತಕ್ಕಂತೆ ಅಲುಗಬೇಕು. ಖರ್ಚು ಸುಮಾರು 13.7 ಕೋಟಿ ಡಾಲರ್, ಜಗತ್ತಿನಾದ್ಯಂತ ಗಳಿಕೆ 8.5 ಕೋಟಿ. ಮರುವರ್ಷ ಸ್ಟುಡಿಯೊಗೆ ಬೀಗ. ಪ್ರಾಜೆಕ್ಟ್ ನಡೆಸುವ ಕೆಲಸದಲ್ಲಿರುವ ನನಗೆ ಈ ಕತೆ ಯಾವ ಜೊಂಬಿಗಿಂತಲೂ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಕ್ಯಾಪ್‌ಕಾಮ್ ಮತ್ತು ಸೋನಿ ಪಿಕ್ಚರ್ಸ್ ಸೇರಿ ಮಾಡಿದ ‘ಡಿಜನರೇಶನ್’ (2008) ಆ ತಪ್ಪು ಮಾಡಲಿಲ್ಲ. ಹೊಸ ಸ್ಟುಡಿಯೊ ಕಟ್ಟುವ ಗೋಜಿಗೆ ಹೋಗದೆ, 2004ರ ‘ಆ್ಯಪಲ್‌ಸೀಡ್’ನಲ್ಲಿ ಮೋಶನ್ ಕ್ಯಾಪ್ಚರ್ ಪಳಗಿಸಿಕೊಂಡಿದ್ದ ಟೋಕಿಯೊದ ಡಿಜಿಟಲ್ ಫ್ರಂಟಿಯರ್‌ಗೆ ಕೆಲಸ ಒಪ್ಪಿಸಿದರು. ನಿರ್ದೇಶಕ ಮಕೊಟೊ ಕಾಮಿಯಾ (ಎರಡನೇ ಆಟದ ನಿರ್ದೇಶಕ ಹಿಡೆಕಿ ಕಾಮಿಯಾ ಬೇರೆ), ಸ್ಪೆಷಲ್ ಎಫೆಕ್ಟ್ಸ್ ವಿಭಾಗದಿಂದ ಬಂದವರು. ಚಿತ್ರಮಂದಿರವನ್ನು ನೆಚ್ಚಿಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಜಪಾನಿನ ಬೆರಳೆಣಿಕೆಯ ಟಾಕೀಸುಗಳಲ್ಲಿ ಕೆಲವೇ ದಿನ ತೋರಿಸಿ, ವರ್ಷದ ಕೊನೆಗೆ ಡಿ.ವಿ.ಡಿ. ಮತ್ತು ಬ್ಲೂ-ರೇಯಲ್ಲಿ ಮಾರಿದರು. ಕೊಳ್ಳುವವನು ಯಾರೆಂದು ಅವರಿಗೆ ಗೊತ್ತಿತ್ತು: ಆಟ ಆಡಿದವನು. ಎರಡನೇ ಆಟದ ಲಿಯಾನ್ ಮತ್ತು ಕ್ಲೇರ್ ಹತ್ತು ವರ್ಷದ ಮೇಲೆ ಮತ್ತೆ ಒಟ್ಟಿಗೆ ಕಾಣಿಸಿಕೊಂಡರು, ಕತೆಯ ತುದಿಯನ್ನು 2009ರಲ್ಲಿ ಬರಲಿದ್ದ ಐದನೇ ಆಟಕ್ಕೆ ಗಂಟು ಹಾಕಿದ್ದರು.

ನಾನು ಅದನ್ನು ಲ್ಯಾಪ್‌ಟಾಪಿನಲ್ಲಿ, ಒಬ್ಬನೇ ನೋಡಿದೆ. ಮೊದಲ ಭಾಗ ನಡೆಯುವುದು ವಿಮಾನ ನಿಲ್ದಾಣವೊಂದರಲ್ಲಿ. ಅಪಘಾತಕ್ಕೀಡಾದ ವಿಮಾನ ಟರ್ಮಿನಲ್ಲಿಗೇ ನುಗ್ಗುತ್ತದೆ, ಒಳಗಿನಿಂದ ಅವು ಇಳಿದು ಬರುತ್ತವೆ. ಕ್ಲೇರ್ ಜೊತೆ ಸಿಕ್ಕಿಕೊಳ್ಳುವ ಪುಟ್ಟ ಹುಡುಗಿಯ ಹೆಸರು ರಾಣಿ ಚಾವ್ಲಾ. ಎರಡನೇ ಆಟದಲ್ಲಿ ಕ್ಲೇರ್ ಶೆರ್ರಿ ಎಂಬ ಹುಡುಗಿಯನ್ನು ಕಾಪಾಡಿದ್ದನ್ನು ನೆನಪಿಸಲೆಂದೇ ಬಂದ ಪಾತ್ರ ಅದು. ಕತ್ತಲ ಟರ್ಮಿನಲ್ಲಿನ ಆ ಭಾಗ ಚೆನ್ನಾಗಿದೆ. ಆಮೇಲೆ ಪಾತ್ರಗಳು ಬೆಳಕಿಗೆ ಬಂದು ಮಾತಾಡತೊಡಗುತ್ತವೆ, ಅಲ್ಲೇ ತೊಂದರೆ.

ಮೋಶನ್ ಕ್ಯಾಪ್ಚರಿನಲ್ಲಿ ನಟನ ಮೈಮೇಲೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ಸುತ್ತಲಿನ ಕ್ಯಾಮೆರಾಗಳಿಂದ ಅವುಗಳ ಚಲನೆಯನ್ನು ಹಿಡಿಯುತ್ತಾರೆ. ಮೊಣಕೈ, ಮೊಣಕಾಲು, ಹುಬ್ಬಿನ ತನಕ ಸರಿ, ಕಣ್ಣುಗುಡ್ಡೆಗೆ ಗುಂಡು ಅಂಟಿಸಲಾಗದು. ನೋಟವನ್ನು ಆ್ಯನಿಮೇಟರೇ ಕೂರಿಸಬೇಕು. ಲಿಯಾನ್ ಓಡುವಾಗ ಮನುಷ್ಯ, ಸುಮ್ಮನೆ ನಿಂತು ಮಾತಾಡುವಾಗ ಅಂಗಡಿಯ ಗೊಂಬೆ. ರೋಬೊ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲೇ ಇದನ್ನು ಬರೆದಿದ್ದರು: ಬೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಇಷ್ಟವಾಗುತ್ತದೆ, ತೀರಾ ಹತ್ತಿರ ಬಂದಾಗ ಒಮ್ಮೆಲೇ ಹೇಸಿಗೆಯಾಗುತ್ತದೆ. ಅವರ ನಕ್ಷೆಯ ಕಣಿವೆಯ ತಳದಲ್ಲಿ ಇರುವುದು ನಡೆದಾಡುವ ಹೆಣ. ಅಂದರೆ ಜೊಂಬಿಗಳು ಇರಬೇಕಾದ ಜಾಗದಲ್ಲೇ ಇದ್ದವು, ಬದುಕಿರುವವರೂ ಅದೇ ಕಣಿವೆಗೆ ಜಾರಿದ್ದೇ ಅನಾಹುತ.

ಮುಖ ಸರಿಯಿದ್ದಿದ್ದರೆ ಹೆದರುತ್ತಿದ್ದೆನೇ? ಇಲ್ಲವೆಂದೇ ನನ್ನ ಅನಿಸಿಕೆ. ಆಟವನ್ನು ಸಿನಿಮಾ ಮಾಡಿದರೆ ನೋಡುಗನ ಕೈಯಲ್ಲಿ ಕೀಬೋರ್ಡು ಇರುವುದಿಲ್ಲ, ಅದಕ್ಕೇ ಭಯವೂ ಇರುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾಸ್ಟೆಲ್ಲಿನ ಮಂಚದ ಮೇಲೆ ಕೂತ ಐದಾರು ಜನರ ಕೈಯಲ್ಲೂ ಏನೂ ಇರಲಿಲ್ಲ. ಕೀ ಹಿಡಿದವನು ಗಾಬರಿಯಲ್ಲಿ ಗೋಡೆಗೆ ಗುಂಡು ಹಾರಿಸುತ್ತಾನೆ, ಉಳಿದದ್ದು ಮೂರೇ ಗುಂಡು, ಸೇವ್ ಮಾಡಿ ಮುಕ್ಕಾಲು ಗಂಟೆಯಾಗಿದೆ ಎಂಬುದು ನಮಗೆ ಗೊತ್ತಿರುತ್ತಿತ್ತು. ನಮ್ಮ ಭಯವೆಲ್ಲ ಅವನ ಮೇಲೆ. ಸಿನಿಮಾದ ಲಿಯಾನ್ ತಪ್ಪುವುದಿಲ್ಲ, ಅವನ ಗುಂಡು ಮುಗಿಯುವುದಿಲ್ಲ, ಅವನು ಸಾಯುವಂತೆಯೂ ಇಲ್ಲ. ಕ್ಯಾಮೆರಾ ಬೇಕಾದಲ್ಲಿ ಹಾರುತ್ತದೆ, ಮೂಲೆಯಾಚೆ ಇರುವುದನ್ನು ಮೊದಲೇ ತೋರಿಸಿಬಿಡುತ್ತದೆ.

ನಂತರವೂ ಸಿನಿಮಾಗಳು ಬಂದವು: 2012ರ ‘ಡ್ಯಾಮ್ನೇಶನ್’, 2017ರ ‘ವೆಂಡೆಟಾ’, 2023ರ ‘ಡೆತ್ ಐಲೆಂಡ್’. ಮುಖಗಳು ಒಂದಕ್ಕಿಂತ ಒಂದು ಸುಧಾರಿಸಿದವು, ಹೊಡೆದಾಟವೂ ಹೆಚ್ಚಾಯಿತು. ಇವುಗಳ ನಡುವೆ 2019ರಲ್ಲಿ ಎರಡನೇ ಆಟವನ್ನೇ ಹೊಸದಾಗಿ ಕಟ್ಟಿದರು. ಅದರಲ್ಲಿ ಆಡುವ ಹೊತ್ತಿಗೇ ಮೂಡುವ ಲಿಯಾನ್ 2008ರ ಸಿನಿಮಾದವನಿಗಿಂತ ಜೀವಂತವಾಗಿದ್ದಾನೆ. ಕಪ್ಪು ಪರದೆಯ ಬಾಗಿಲು ಮಾತ್ರ ಹೋಗಿದೆ, ಈಗ ಮೆಮೊರಿಗೆ ಕೊರತೆಯಿಲ್ಲ. ಬಾಗಿಲನ್ನು ಲಿಯಾನ್ ಕೈಯಿಂದ ತಳ್ಳಿಕೊಂಡು ಒಳಗೆ ಹೋಗುತ್ತಾನೆ. ನಾನು ಮೊದಲ ಸಲ ಹಾಗೆ ತಳ್ಳಿದಾಗ, ಒಳಗೆ ಹೋಗುವ ಮುನ್ನ ಗುಂಡು ಎಷ್ಟಿದೆ ಎಂದು ನೋಡಿಕೊಂಡೆ.